ಉದ್ದು ನೆನೆಹಾಕಿ ಹೊರಟ ದಿನ

ಆಗ ನನಗೆ ಅರವತ್ತೆಂಟು. ಅದಾಗಿ ಎರಡು ವರ್ಷವಾಯಿತು. ಶಿವಾಜಿನಗರದಿಂದ ಕೆ.ಆರ್.ಪುರಕ್ಕೆ ಹೋಗಿ ಬಂದದ್ದನ್ನು ಪ್ರಯಾಣ ಎಂದು ಬರೆದರೆ ನಗುವವರು ನಗಲಿ. ಈ ಊರಿನ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ರೈಲಿನವರು ಮೈಸೂರು ಮುಟ್ಟಿ ಕಾಫಿ ಕುಡಿದಿರುತ್ತಾರೆ. ಅದೂ ಅಲ್ಲದೆ ನಾನು ನಡುವೆ ಎರಡು ಕಡೆ ಇಳಿದೆ, ಎರಡು ಮನೆಯ ಬಾಗಿಲು ತಟ್ಟಿದೆ. ನೋಡಲು ಹೋದದ್ದು ಊರನ್ನಲ್ಲ. ಅಕ್ಕಿಯನ್ನು.

ಶಿವಾಜಿನಗರ ಬಸ್ ಸ್ಟ್ಯಾಂಡಿನ ಹಿಂದೆ, ಗುಜರಿ ಅಂಗಡಿಗಳ ಪಕ್ಕದ ಗಲ್ಲಿಯಲ್ಲಿ ನನ್ನ ಇಡ್ಲಿ ಒಲೆ. ಗಂಡ ಸತ್ತ ವರ್ಷ ಹಚ್ಚಿದ್ದು, ಇನ್ನೂ ಆರಿಸಿಲ್ಲ. ಮೂಟೆ ಹೊರುವ ಹಮಾಲಿಗಳು, ಬೀದಿ ಗುಡಿಸುವ ಹೆಂಗಸರು, ಮೀನು ಮಾರ್ಕೆಟ್ಟಿನವರು, ರಾತ್ರಿಯೆಲ್ಲ ಓಡಿಸಿ ಬಂದ ಆಟೋದವರು ನನ್ನ ಗಿರಾಕಿಗಳು. ಇಡ್ಲಿಗೆ ಐದು ರೂಪಾಯಿ, ಚಟ್ನಿ ಕೇಳಿದಷ್ಟು. ಸಾಂಬಾರು ಇಲ್ಲ. ಬೇಕಾದವರು ಹೋಟೆಲಿಗೆ ಹೋಗಬಹುದು.

ಐದು ರೂಪಾಯಿಗೆ ಹೇಗೆ ಕೊಡುತ್ತೀಯ ಎಂದು ಜನ ಕೇಳುತ್ತಿದ್ದರು. ನಮ್ಮ ಗಲ್ಲಿಯಲ್ಲಿ ಒಂದು ಪದ್ಧತಿ ಇತ್ತು. ತಿಂಗಳಿಗೊಮ್ಮೆ ಸೊಸೈಟಿಯಲ್ಲಿ ರೇಷನ್ ಅಕ್ಕಿ ಕೊಟ್ಟ ದಿನ ಹೆಂಗಸರು ಅದರಲ್ಲಿ ಒಂದು ಭಾಗವನ್ನು ತಂದು ನನ್ನ ಡ್ರಮ್ಮಿಗೆ ಸುರಿಯುತ್ತಿದ್ದರು. ಒಂದು ಸೇರಿಗೆ ಇಪ್ಪತ್ತು ಇಡ್ಲಿ. ಒಟ್ಟಿಗೆ ಕೊಡುವುದಿಲ್ಲ. ದಿನಾ ಬೆಳಿಗ್ಗೆ ಅವರ ಮಕ್ಕಳು ಶಾಲೆಗೆ ಹೋಗುವ ಮುಂಚೆ ತಟ್ಟೆ ಹಿಡಿದುಕೊಂಡು ಬಂದು ತಿಂದು ಹೋಗಬೇಕು. ತಾಯಂದಿರು ಆರು ಗಂಟೆಗೇ ಬೆನ್ಸನ್ ಟೌನ್ ಕಡೆ ಮನೆಗೆಲಸಕ್ಕೆ ಹೋಗುವವರು. ಅವರಿಗೆ ಬೆಳಗಿನ ಅಡುಗೆ ತಪ್ಪಿತು, ನನಗೆ ಅಕ್ಕಿ ಸಿಕ್ಕಿತು. ಸೊಸೈಟಿ ಅಕ್ಕಿ ಅನ್ನಕ್ಕೆ ಅಷ್ಟಕ್ಕಷ್ಟೆ, ಇಡ್ಲಿಗೆ ಮಾತ್ರ ಬಹಳ ಚೆನ್ನ. ಹೀಗೆ ಕೊಡುವುದು, ತೆಗೆದುಕೊಳ್ಳುವುದು ಸರ್ಕಾರದ ಕಾನೂನಿನಲ್ಲಿ ತಪ್ಪು. ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು.

ಆ ಬೇಸಿಗೆಯಲ್ಲಿ ಗಲ್ಲಿಯ ಏಳೆಂಟು ಮನೆಗಳಿಗೆ ಅಕ್ಕಿ ನಿಂತಿತು. ಸೊಸೈಟಿಯವನು ಮೆಷೀನು ನೋಡಿ, ನಿಮ್ಮನ್ನು ಬಡವರ ಪಟ್ಟಿಯಿಂದ ತೆಗೆದಿದ್ದಾರೆ ಎಂದನಂತೆ. ಕಾರಣ ವಿಚಿತ್ರ. ನನ್ನ ಪಕ್ಕದ ಮನೆಯ ಹಸೀನಾಳ ಗಂಡ ಗುಜರಿ ಸಾಮಾನಿನ ಗಾಡಿ ತಳ್ಳುವವನು. ಗೂಡ್ಸ್ ಆಟೋ ಕೊಳ್ಳಲು ಅವನಿಗೆ ಸಾಲ ಬೇಕಿತ್ತು. ಸಾಲ ಕೊಡಿಸುತ್ತೇನೆ ಎಂದು ಬಂದ ಏಜೆಂಟ್, ಇನ್‌ಕಮ್ ಟ್ಯಾಕ್ಸ್ ಕಾಗದ ಹಾಕಿಸು, ತೆರಿಗೆ ಒಂದು ಪೈಸೆಯೂ ಕಟ್ಟಬೇಕಾಗಿಲ್ಲ, ಬ್ಯಾಂಕಿನವರಿಗೆ ತೋರಿಸಲು ಅಷ್ಟೇ ಎಂದ. ಇವನು ಹಾಕಿಸಿದ. ಇವನನ್ನು ನೋಡಿ ಉಳಿದವರೂ ಹಾಕಿಸಿದರು. ಸಾಲ ಯಾರಿಗೂ ಸಿಗಲಿಲ್ಲ. ಟ್ಯಾಕ್ಸ್ ಕಾಗದ ಹಾಕುವಂಥ ಸಾಹುಕಾರನಿಗೆ ಪುಕ್ಕಟೆ ಅಕ್ಕಿ ಏಕೆ ಎಂದು ಕಾರ್ಡು ಮಾತ್ರ ಹೋಯಿತು. ಕಾಗದ ಹಾಕಿಸದೆ ಉಳಿದದ್ದು ನನ್ನದು ಮತ್ತು ಇನ್ನೊಂದೆರಡು ಮನೆ. ನನ್ನದು ಒಂಟಿ ಕಾರ್ಡು, ಅದರ ಅಕ್ಕಿ ನನ್ನ ಹೊಟ್ಟೆಗೇ ಸರಿ.

ಆ ಮಂಗಳವಾರ ಬೆಳಿಗ್ಗೆ ಕೊನೆಯ ಇಡ್ಲಿ ಮಾರಿ ಡ್ರಮ್ಮಿಗೆ ಕೈ ಹಾಕಿದರೆ ತಳ ಸಿಕ್ಕಿತು. ಅಷ್ಟರಲ್ಲಿ ಹಸೀನಾ ಒಂದು ಮನೆಯ ಕೆಲಸ ಮುಗಿಸಿ ಬಂದಳು. ಒಳಗೆ ಬರದೆ ಬಾಗಿಲಲ್ಲೇ ನಿಂತಳು.

"ಅಜ್ಜಿ, ನಾಳೆಯಿಂದ ಮಕ್ಕಳನ್ನ ಕಳ್ಸಲ್ಲ."

"ಯಾಕೆ?"

"ಅಕ್ಕಿ ಹಾಕ್ದೆ ಹೆಂಗ್ ಕಳ್ಸೋದು? ಹೋದ್ ತಿಂಗಳು ಹಾಕಿದ್ದು ಇವತ್ತಿಗೆ ಮುಗೀತು."

"ಬೆಳಿಗ್ಗೆ ಏನ್ ಕೊಡ್ತೀಯ ಅವಕ್ಕೆ?"

"ಚಾಯ್, ಬನ್."

"ಒಂದೊಂದು ಬನ್ನಾ?"

ಅವಳು ಸೆರಗು ಸರಿಮಾಡಿಕೊಂಡಳು. "ಅರ್ಧರ್ಧ ಅಜ್ಜಿ. ನೀವು ಕರೀಬೇಡಿ ಅವರನ್ನ. ಕರೆದ್ರೆ ಓಡ್ಬರ್ತಾರೆ. ಮುಫತ್ ಕಾ ನಕ್ಕೋ. ಪುಕ್ಕಟೆ ಬೇಡ."

"ಸರಿ" ಎಂದೆ. ಅಕ್ಕಿ ಇಲ್ಲದಿದ್ದರೆ ಇಡ್ಲಿಯೂ ಇಲ್ಲ. ಅವಳ ಮಕ್ಕಳಿಗೂ ಇಲ್ಲ, ಹಮಾಲಿಗೂ ಇಲ್ಲ, ನನ್ನ ಒಲೆಗೂ ಕೆಲಸವಿಲ್ಲ.

ಅವಳು ಹೋದ ಮೇಲೆ ನಾನು ಪಾತ್ರೆಗೆ ಉದ್ದಿನಬೇಳೆ ಅಳೆದು ಹಾಕಿ ನೀರು ಬಿಟ್ಟೆ. ಅಕ್ಕಿ ಇಲ್ಲದೆ ಉದ್ದು ನೆನೆಹಾಕುವುದು ಹುಚ್ಚುತನ. ಬೇಸಿಗೆಯಲ್ಲಿ ನೆನೆದ ಉದ್ದು ಸಂಜೆಯ ಮೇಲೆ ನಿಲ್ಲುವುದಿಲ್ಲ, ವಾಸನೆ ಹಿಡಿಯುತ್ತದೆ. ಆದರೆ ನೆನೆಹಾಕಿದರೆ ಬರಿಗೈಯಲ್ಲಿ ವಾಪಸ್ಸು ಬರಲು ನನಗೇ ಮನಸ್ಸಾಗುವುದಿಲ್ಲ. ನನಗೆಂದು ಎತ್ತಿಟ್ಟಿದ್ದ ನಾಲ್ಕು ಇಡ್ಲಿ ಡಬ್ಬಿಗೆ ಹಾಕಿಕೊಂಡು, ಎರಡು ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ.

ನಾನು ಮೂರನೇ ಕ್ಲಾಸಿನವರೆಗೆ ಓದಿದವಳು. ಬಸ್ಸಿನ ಬೋರ್ಡು ಓದುತ್ತೇನೆ. ಹಲಸೂರು ಎಂದಿದ್ದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತು ಆಧಾರ್ ಕಾರ್ಡು ತೋರಿಸಿದೆ. ಹೆಂಗಸರಿಗೆ ಬಸ್ಸು ಪುಕ್ಕಟೆ. ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟ. ಕಂಬಿ ಹಿಡಿದು ನಿಂತಿದ್ದ ಪ್ಯಾಂಟಿನವನೊಬ್ಬ ಇನ್ನೊಬ್ಬನಿಗೆ, ನನಗೆ ಕೇಳಲಿ ಎಂದೇ ಹೇಳಿದ: "ನೋಡು ಗುರು, ಕಾಸು ಕೊಟ್ಟೋರು ನಿಂತ್ಕೊಂಡು ಹೋಗ್ಬೇಕು. ಅಕ್ಕಿ ಫ್ರೀ, ಬಸ್ ಫ್ರೀ. ದೇಶ ಉದ್ಧಾರ ಆದಂಗೆ."

"ಬಾ ಮಗಾ, ನನ್ ತೊಡೆ ಮೇಲೆ ಕೂತ್ಕೋ" ಎಂದೆ. "ಅದೂ ಫ್ರೀನೇ."

ಬಸ್ಸು ನಕ್ಕಿತು. ಅವನು ಮುಂದಕ್ಕೆ ಸರಿದು ಹೋದ. ಅಕ್ಕಿ ಫ್ರೀ ಎಂದನಲ್ಲ, ಅದನ್ನು ಹುಡುಕಿಕೊಂಡೇ ಫ್ರೀ ಬಸ್ಸಿನಲ್ಲಿ ಹೋಗುತ್ತಿದ್ದೇನೆ ಎಂದು ಅವನಿಗೆ ಯಾರು ಹೇಳಬೇಕು.

ಹಲಸೂರು ಕೆರೆಯ ನೀರು ಹಸಿರಾಗಿತ್ತು. ಒಂಬತ್ತೂವರೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಇಳಿದು ಹಳೇ ದೇವಸ್ಥಾನದ ಹಿಂದಿನ ಬೀದಿಗೆ ಹೋದೆ. ಅಲ್ಲಿ ಸೆಲ್ವಿ ಇದ್ದಾಳೆ. ನನಗಿಂತ ಹದಿನೈದು ವರ್ಷ ಚಿಕ್ಕವಳು. ದೋಸೆ ಹಿಟ್ಟು ರುಬ್ಬಿ ಮನೆಮನೆಗೆ ಮಾರುತ್ತಿದ್ದವಳು. ಅವಳ ಹತ್ತಿರ ಯಾವಾಗಲೂ ಒಂದು ಮೂಟೆ ಹೆಚ್ಚಿಗೆ ಅಕ್ಕಿ ಇರುತ್ತಿತ್ತು. ರೇಷನ್ ಕೊಟ್ಟ ವಾರ ಆಟೋ ತಂದು ಬೀದಿಬೀದಿಯಲ್ಲಿ ಆ ಅಕ್ಕಿ ಕೊಳ್ಳುವವನೊಬ್ಬ ಅವಳಿಗೆ ತಂದು ಹಾಕುತ್ತಿದ್ದ.

"ವಾಂಗ ಅಕ್ಕಾ" ಎಂದು ಕೈ ಹಿಡಿದು ಒಳಗೆ ಕರೆದಳು. ಮೂಲೆಯಲ್ಲಿ ಗ್ರೈಂಡರಿಗೆ ಹಳೆಯ ಸೀರೆ ಹೊದಿಸಿ ಅದರ ಮೇಲೆ ಟಿವಿ ಇಟ್ಟಿದ್ದಳು. ಅದನ್ನು ನೋಡಿದಾಗಲೇ ನನಗೆ ಗೊತ್ತಾಯಿತು.

"ರುಬ್ಬೋದು ಬಿಟ್ಯಾ?"

"ಮೂರ್ ತಿಂಗಳಾಯ್ತು. ಆಟೋದವನು ಈಗ ಅಕ್ಕಿ ತರಲ್ಲ ಅಕ್ಕಾ. ಯಾರ್ ಹತ್ರಾನೂ ಇಲ್ವಂತೆ, ಇರೋರು ಮಾರಲ್ವಂತೆ. ಅದೇ ಆಟೋದಲ್ಲಿ ಈಗ ಹಳೇ ಪೇಪರ್, ಬಾಟ್ಲಿ ತಗೋತಾವ್ನೆ."

"ಅಂಗಡಿ ಅಕ್ಕಿ ಹಾಕಿ ರುಬ್ಬೋದಲ್ವಾ?"

"ರುಬ್ದೆ. ಹಿಟ್ಟಿನ ರೇಟ್ ಏರಿಸ್ದೆ. ಪ್ಯಾಕೆಟ್ ಹಿಟ್ಟೇ ಇಷ್ಟಕ್ಕೆ ಸಿಗುತ್ತೆ, ನಿನ್ ಹಿಟ್ಟು ಯಾಕೆ ಅಂದ್ರು. ಫ್ರಿಜ್‌ನಲ್ಲಿ ಇಟ್ಟಿರ್ತಾರಂತೆ, ಕ್ಲೀನಂತೆ." ಅವಳು ಮೂಗು ಮುರಿದಳು. "ಈಗ ಇಂದಿರಾನಗರದಲ್ಲಿ ಒಂದು ಹೋಟೆಲಲ್ಲಿ ನೆಲ ಒರೆಸ್ತೀನಿ. ಅಲ್ಲಿ ಎರಡು ಇಡ್ಲಿ ಎಷ್ಟು ಗೊತ್ತಾ? ನೂರಾ ಇಪ್ಪತ್ತು."

"ಒಳಗೆ ಏನಿಟ್ಟಿರ್ತಾರೆ?"

"ಏನೂ ಇಲ್ಲಕ್ಕಾ. ಮೇಲೆ ತುಪ್ಪ, ಕೆಳಗೆ ಬಾಳೆ ಎಲೆ. ಎಲೆನ ಗುಂಡಗೆ ಕತ್ತರ್ಸಿರ್ತಾರೆ." ಅವಳು ನಕ್ಕಳು. ಆಮೇಲೆ ನನ್ನ ಚೀಲ ನೋಡಿ, "ನಿಂಗೆ ಈ ವಯಸ್ಸಲ್ಲಿ ಇದ್ಯಾಕೆ? ಪೆನ್ಶನ್ ಬರುತ್ತೆ, ಗಂಜಿ ಕುಡ್ಕೊಂಡು ಮಲಕ್ಕೋ" ಎಂದಳು.

"ಉದ್ದು ನೆನೆಹಾಕಿ ಬಂದಿದೀನಿ."

ಅವಳೂ ಅದೇ ಕೆಲಸ ಮಾಡಿದವಳಾದ್ದರಿಂದ ಮುಂದೆ ಏನೂ ಕೇಳಲಿಲ್ಲ. ಮಜ್ಜಿಗೆ ಕೊಟ್ಟಳು. ಕೆ.ಆರ್.ಪುರದಲ್ಲಿ ಮಂಗಳವಾರ ಸಂತೆ, ಅಲ್ಲಿ ಮಿಲ್ಲಿನಿಂದ ನೇರ ತಂದ ಅಕ್ಕಿಯೂ ನುಚ್ಚೂ ಇರುತ್ತದೆ, ನುಚ್ಚು ಅಗ್ಗ ಎಂದಳು. ಆದರೆ ಅದಕ್ಕೂ ಮುಂಚೆ ಇಂದಿರಾನಗರದಲ್ಲಿ ಇಳಿಯಬೇಕು ಎಂದು ನಾನು ಮನೆಯಿಂದಲೇ ಯೋಚಿಸಿಕೊಂಡು ಬಂದಿದ್ದೆ.

ಇಂದಿರಾನಗರದಲ್ಲಿ ಲಲಿತಮ್ಮ ಎನ್ನುವವರ ಮನೆಯಲ್ಲಿ ಇಡ್ಲಿ ಒಲೆ ಹಚ್ಚುವ ಮುಂಚೆ ನಾನು ಹನ್ನೊಂದು ವರ್ಷ ಅಡುಗೆ ಮಾಡಿದ್ದೆ. ಬ್ಯಾಂಕಿನಲ್ಲಿ ದೊಡ್ಡ ಕೆಲಸದಲ್ಲಿದ್ದು ನಿವೃತ್ತಿಯಾದವರು. ಅವರ ತೌರಿನವರದ್ದು ಗಂಗಾವತಿ ಕಡೆ ಭತ್ತದ ಗದ್ದೆ. ವರ್ಷಕ್ಕೊಮ್ಮೆ ಲಾರಿಯಲ್ಲಿ ಅಕ್ಕಿ ಮೂಟೆ ಬರುವುದನ್ನು ನಾನೇ ಲೆಕ್ಕ ಹಾಕಿ ಇಳಿಸಿಕೊಂಡಿದ್ದೆ. ಗದ್ದೆಯ ಬೆಲೆಗೆ ಒಂದು ಮೂಟೆ ಕೇಳೋಣ ಎಂದು ಹೋದೆ. ದುಡ್ಡು ಕೊಟ್ಟೇ.

ಮರಗಳಿದ್ದ ಬೀದಿ ಹಾಗೇ ಇತ್ತು, ಮನೆಗಳು ಮಾತ್ರ ಹೋಗಿ ಕೆಳಗೆ ಕಾಫಿ ಅಂಗಡಿ, ಮೇಲೆ ಬಟ್ಟೆ ಅಂಗಡಿ ಬಂದಿದ್ದವು. ಲಲಿತಮ್ಮನವರ ಮನೆ ಉಳಿದಿತ್ತು. ಅವರೇ ಬಾಗಿಲು ತೆಗೆದರು.

"ಪುಟ್ಟಮ್ಮಾ! ಇನ್ನೂ ಗಟ್ಟಿಯಾಗಿದೀಯಲ್ಲೇ."

"ಹಲ್ಲು ಬಿಟ್ಟು ಮಿಕ್ಕಿದ್ದೆಲ್ಲಾ ಗಟ್ಟಿ ಅಮ್ಮಾ."

ಒಳಗೆ ಕೂರಿಸಿ ಕಾಫಿ ತಾವೇ ಮಾಡಿ ತಂದರು. ಅಕ್ಕಿ ಕೇಳಿದೆ. ಅವರಿಗೆ ನಗು ಬಂತು.

"ಅಯ್ಯೋ, ನಮ್ಮನೇಲಿ ಅಕ್ಕಿ ತರೋದೇ ಬಿಟ್ವಿ. ಯಜಮಾನರಿಗೂ ಶುಗರ್, ನನಗೂ ಶುಗರ್. ನವಣೆ, ಸಾಮೆ ತಿಂತೀವಿ. ಗದ್ದೆನೂ ಗುತ್ತಿಗೆಗೆ ಕೊಟ್ಟಾಯ್ತು." ಆಮೇಲೆ ಕೇಳಿದರು, "ಯಾಕೆ, ನಿನಗೆ ರೇಷನ್ ಬರಲ್ವಾ?"

ನನಗೆ ಬರುತ್ತದೆ, ಗಲ್ಲಿಯವರಿಗೆ ನಿಂತಿದೆ ಎಂದು ಪೂರ್ತಿ ಹೇಳಿದೆ. ಒಂದು ಸೇರಿಗೆ ಇಪ್ಪತ್ತು ಇಡ್ಲಿ ಎನ್ನುವುದನ್ನೂ ಹೇಳಿದೆ. ಮುಚ್ಚಿಡುವುದು ನನಗೆ ಬರುವುದಿಲ್ಲ. ಅವರು ಕಾಫಿ ಲೋಟ ಕೆಳಗಿಟ್ಟರು.

"ಅಲ್ಲಾ ಪುಟ್ಟಮ್ಮ, ಬೇಜಾರ್ ಮಾಡ್ಕೋಬೇಡ. ಸರ್ಕಾರ ರೈತರ ಹತ್ರ ಕೊಂಡು, ಗೋಡೌನಲ್ಲಿಟ್ಟು, ಲಾರಿ ಬಾಡಿಗೆ ಕೊಟ್ಟು, ಊಟ ಇಲ್ದೋರು ಉಣ್ಣಲಿ ಅಂತ ಪುಕ್ಕಟೆ ಕೊಡೋ ಅಕ್ಕಿ ಅದು. ಅದನ್ನ ನೀವು ವ್ಯಾಪಾರಕ್ಕೆ ಹಾಕಿದ್ರಿ. ಹೀಗೆ ಹೋಗುತ್ತೆ ಅಂತಾನೇ ಅಲ್ವಾ ಕಾರ್ಡ್ ತೆಗೀರಿ ತೆಗೀರಿ ಅಂತ ಜನ ಅನ್ನೋದು?"

"ಮಕ್ಕಳೇ ತಿಂದಿದ್ದು ಅಮ್ಮಾ. ಇಡ್ಲಿ ಮಾಡಿ ತಿಂದ್ರು."

"ಒಂದು ಸೇರಿಗೆ ಎಷ್ಟು ಇಡ್ಲಿ ಆಗುತ್ತೆ? ಹನ್ನೊಂದು ವರ್ಷ ನಿನ್ ಇಡ್ಲಿ ತಿಂದಿದೀನಿ, ನನಗೂ ಗೊತ್ತು. ಇಪ್ಪತ್ತು ಮಕ್ಕಳಿಗೆ ಕೊಟ್ಟೆ. ಮಿಕ್ಕಿದ್ದು?"

"ಮಿಕ್ಕಿದ್ದು ಮಾರ್ದೆ. ಉದ್ದು ನಂದು, ಗ್ಯಾಸು ನಂದು, ಕೈ ನಂದು."

"ಅಕ್ಕಿ?"

ಅವರು ಹೇಳಿದ್ದು ಸುಳ್ಳಲ್ಲ. ಆದರೆ ಆ ಮಿಕ್ಕ ಇಡ್ಲಿಯನ್ನು ಐದು ರೂಪಾಯಿಗೆ ತಿಂದವರಲ್ಲಿ ಕಾರ್ಡೇ ಇಲ್ಲದವರು ಎಷ್ಟು ಜನ ಇದ್ದರು ಎನ್ನುವುದೂ ಸುಳ್ಳಲ್ಲ. ಮಾತಾಡಿದರೆ ಜಗಳವಾಗುತ್ತದೆ. ನಾನು ಜಗಳಕ್ಕೆ ಹೋಗಿರಲಿಲ್ಲ.

ಅವರೇ ಮಾತು ತಿರುಗಿಸಿದರು. ಈಗಿನ ರೇಷನ್ ಅಕ್ಕಿ ಹೇಗಿರುತ್ತೆ ಎಂದರು. ನೆನೆಹಾಕಿದರೆ ಪ್ಲಾಸ್ಟಿಕ್ ಅಕ್ಕಿ ಮೇಲೆ ತೇಲುತ್ತದೆ, ಅದನ್ನೆಲ್ಲ ಬಳಿದು ಚೆಲ್ಲಿಯೇ ರುಬ್ಬುವುದು ಎಂದೆ. ಲಲಿತಮ್ಮ ಹಣೆ ಚಚ್ಚಿಕೊಂಡರು.

"ಪ್ಲಾಸ್ಟಿಕ್ ಅಲ್ಲ ಕಣೇ! ಅದು ಕಬ್ಬಿಣದಂಶ, ವಿಟಮಿನ್ ಸೇರ್ಸಿ ಮಾಡಿರೋ ಕಾಳು. ರಕ್ತ ಇಲ್ದೋರಿಗೆ ಅಂತ ಬೆರೆಸ್ತಾರೆ. ಅದನ್ನೇ ಚೆಲ್ಲಿದ್ಯಾ?"

ಗಲ್ಲಿಯ ಹೆಂಗಸರೆಲ್ಲ ಚೆಲ್ಲುತ್ತಿದ್ದೆವು. ಕೋಳಿಗೆ ಹಾಕುತ್ತಿದ್ದೆವು. ಹಾಗಾದರೆ ನಮ್ಮ ಗಲ್ಲಿಯ ಕೋಳಿಗಳಿಗೆ ರಕ್ತ ಚೆನ್ನಾಗಿರಬೇಕು ಎಂದೆ. ಇಬ್ಬರೂ ನಕ್ಕೆವು. ಹೊರಡುವಾಗ ಅವರು ಒಂದು ಪ್ಯಾಕೆಟ್ ನವಣೆ ಕೈಗಿಟ್ಟರು. ಬೇಡ ಎನ್ನಲಿಲ್ಲ. ಕೊಟ್ಟದ್ದನ್ನು ಬಿಟ್ಟು ಬರುವ ಪದ್ಧತಿ ನನಗಿಲ್ಲ.

ಹಳೇ ಮದ್ರಾಸ್ ರಸ್ತೆಗೆ ಬಂದು ಬಸ್ಸಿಗೆ ಕಾದೆ. ತಲೆಯ ಮೇಲೆ ಮೆಟ್ರೋ ಹೋಗುತ್ತಿತ್ತು. ಅದರಲ್ಲಿ ಹೋದರೆ ಬೇಗ, ಆದರೆ ಅದು ಪುಕ್ಕಟೆಯಲ್ಲ, ಒಳಗೆ ತಿನ್ನಲೂ ಬಿಡುವುದಿಲ್ಲವಂತೆ. ನನ್ನ ಹತ್ತಿರ ನಾಲ್ಕು ಇಡ್ಲಿ ಇತ್ತು. ಬಸ್ಸಿನಲ್ಲೇ ಹೋದೆ. ಬೈಯಪ್ಪನಹಳ್ಳಿ ದಾಟಿ ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸು ನಿಂತದ್ದು ನಿಂತೇಬಿಟ್ಟಿತು. ಡ್ರೈವರ್ ಇಂಜಿನ್ ಆರಿಸಿ ಎಲೆಅಡಿಕೆ ಹಾಕಿಕೊಂಡ. ನಾನು ಡಬ್ಬಿ ಬಿಚ್ಚಿ ತಿಂದೆ. ತಣ್ಣಗಾದರೂ ಮೆತ್ತಗಿತ್ತು. ಸೊಸೈಟಿ ಅಕ್ಕಿಯ ಕೊನೆಯ ಇಡ್ಲಿ ಅದು. ಪಕ್ಕದಲ್ಲಿ ಕೂತಿದ್ದ ಹುಡುಗಿಗೆ ಒಂದು ಕೊಡಲು ಹೋದೆ, ಬೇಡ ಆಂಟಿ ಎಂದು ಫೋನು ನೋಡಿದಳು.

ತಿನ್ನುತ್ತ ಉದ್ದಿನ ಯೋಚನೆ ಬಂತು. ಇಷ್ಟು ಹೊತ್ತಿಗೆ ಉಬ್ಬಿ ಎರಡರಷ್ಟಾಗಿರುತ್ತದೆ.

ಕೆ.ಆರ್.ಪುರದಲ್ಲಿ ಇಳಿದಾಗ ಹನ್ನೆರಡೂವರೆ ದಾಟಿತ್ತು. ಸಂತೆ ಬೆಳಿಗ್ಗೆ ಚೆನ್ನ. ಮಧ್ಯಾಹ್ನಕ್ಕೆ ಸೊಪ್ಪು ಬಾಡಿ, ಮಾರುವವರೂ ಬಾಡಿರುತ್ತಾರೆ. ಟಾರ್ಪಾಲಿನ ಕೆಳಗೆ ಟೊಮೆಟೊ ರಾಶಿ, ಒಣಮೆಣಸಿನಕಾಯಿ, ಹಗ್ಗ, ಕೊಡಲಿ ಕಾವು. ಅಕ್ಕಿಯ ಸಾಲಿನಲ್ಲಿ ಮಾತ್ರ ಜನ ಇಕ್ಕಿರಿದಿದ್ದರು. ದಪ್ಪ ಅಕ್ಕಿಯ ಮೂಟೆ ಬಿಚ್ಚಿಟ್ಟಿದ್ದ ಒಬ್ಬನ ಮುಂದೆ ನಿಂತೆ. ಅವನಿಗೆ ಐವತ್ತರ ವಯಸ್ಸು, ಕಿವಿಯ ಮೇಲೆ ಪೆನ್ನು.

ನನಗಿಂತ ಮುಂದೆ ಒಬ್ಬ ಹೆಂಗಸು ನಿಂತಿದ್ದಳು. ತಲೆಗೆ ಸುತ್ತಿದ್ದ ಬಟ್ಟೆಯ ಮೇಲೆ ಸಿಮೆಂಟು. ಅರ್ಧ ಕೆಜಿ ತೂಗಿಸಿ, "ಅಣ್ಣಾ, ಇನ್ನೊಂದ್ ಹಿಡಿ ಹಾಕ್ರಿ" ಎಂದಳು. ಅವನು ಹಾಕಿದ. "ಇನ್ನೊಂದ್ರಿ" ಎಂದಳು. ಅವನು ಹಾಕಲಿಲ್ಲ.

"ನಿನಗೆ ಕಾರ್ಡಿಲ್ವೇನಮ್ಮಾ?" ಎಂದು ಕೇಳಿದೆ.

"ಊರಾಗ ಐತ್ರಿ. ಅಲ್ಲಿ ನಮ್ಮತ್ತಿ ತಗೋತಾಳ್ರಿ, ಆಕಿನೂ ಉಣ್ಬೇಕಲ್ರಿ. ನಾವು ಹೊರಮಾವಿನಾಗ ಬಿಲ್ಡಿಂಗ್ ಕೆಲಸಕ್ಕ ಬಂದೀವ್ರಿ." ಸೆರಗಿನಲ್ಲಿ ಅಕ್ಕಿ ಕಟ್ಟಿಕೊಂಡಳು. "ಮುಂಜಾನಿ ಚಾ ಕುಡೀತೀವ್ರಿ, ರಾತ್ರಿ ಅನ್ನ."

ಅವಳು ಹೋದ ಮೇಲೆ ನಾನು ಮೂಟೆಯಿಂದ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಡಿದೆ. ಇಡ್ಲಿಯ ಅಕ್ಕಿಯನ್ನು ಕಣ್ಣಿನಲ್ಲಿ ನೋಡಬಾರದು, ಹಲ್ಲಿನಲ್ಲಿ ನೋಡಬೇಕು. ಪಟ್ಟೆಂದು ಮುರಿದರೆ ಇಡ್ಲಿ ಕಲ್ಲಾಗುತ್ತದೆ; ಹಿಟ್ಟಾಗಿ ಒಡೆದರೆ ಒಳ್ಳೆಯದು. ಇನ್ನೊಂದು ಮೂಟೆಯದ್ದನ್ನೂ ಕಡಿದೆ.

"ಏನಜ್ಜಿ, ಬಾಯಲ್ಲೇ ಅರ್ಧ ಮೂಟೆ ಖಾಲಿ ಮಾಡ್ತೀಯಾ?"

"ಅರ್ಧ ಮೂಟೆಗೆ ಹಲ್ಲೆಲ್ಲಿ ಕಣಯ್ಯ? ಇರೋದು ನಾಲ್ಕು. ಏನ್ ರೇಟು?"

"ನಲವತ್ತಾರು."

"ಹೋದ್ ವರ್ಷ ಮೂವತ್ತೆಂಟಕ್ಕೆ ಕೊಡ್ತಿದ್ರಂತೆ."

"ಹೋದ್ ವರ್ಷ ಇಷ್ಟು ಜನ ಎ‌ಲ್ಲಿದ್ರು? ನೋಡು." ಅವನು ಸಾಲಿನ ಕಡೆ ಗಲ್ಲ ಎತ್ತಿ ತೋರಿಸಿದ. "ಸೊಸೈಟಿಲಿ ಸಿಗೋವಾಗ ಇವರ್ಯಾರೂ ನನ್ನ ಮುಖ ನೋಡಿದೋರಲ್ಲ. ಅಲ್ಲಿ ಅಕ್ಕಿ ನಿಂತ್ರೆ ಎಲ್ರೂ ಇಲ್ಲಿಗೇ ಬರೋದು. ಎಲ್ರೂ ಬಂದ್ರೆ ರೇಟು ಕೂತ್ಕೊಳುತ್ತಾ?"

"ನಿನಗೆ ಒಳ್ಳೇದೇ ಆಯ್ತು ಬಿಡು."

"ಏನೊಳ್ಳೇದು? ಮೂಟೆಗಟ್ಲೆ ತಗೊಳೋರು ಇಲ್ಲ. ಅರ್ಧ ಕೆಜಿ ಕಾಲು ಕೆಜಿ ತೂಗಿ ತೂಗಿ ತೋಳು ಬಿದ್ದೋಗುತ್ತೆ. ಮೇಲೆ ಒಂದೊಂದ್ ಹಿಡಿ ಕೇಳ್ತಾರೆ. ಹಾಕ್ದೆ ಇದ್ರೆ ಪಾಪಿ, ಹಾಕಿದ್ರೆ ದಿವಾಳಿ."

ನುಚ್ಚು ಕೇಳಿದೆ. ಅವನು ಹಿಂದಿನಿಂದ ಒಂದು ಸಣ್ಣ ಮೂಟೆ ಎಳೆದ. ಕೆಜಿಗೆ ಮೂವತ್ತೆರಡು.

"ನುಚ್ಚಿಗೂ ಇಷ್ಟಾ?"

"ಇದೂ ಸಿಗಲ್ಲ ಅಜ್ಜಿ ಈಗ. ಮಿಲ್ ಹತ್ರ ಕೋಳಿ ಫಾರಮ್ಮಿನೋರು ನಿಂತಿರ್ತಾರೆ. ಪೆಟ್ರೋಲಿಗೆ ಬೆರೆಸೋ ಸ್ಪಿರಿಟ್ ಮಾಡೋ ಫ್ಯಾಕ್ಟರಿಯೋರು ಲಾರಿ ತಂದು ತುಂಬ್ಕೊಂಡು ಹೋಗ್ತಾರೆ."

"ಅಂದ್ರೆ ಕೋಳಿ, ಪೆಟ್ರೋಲು ಆದ್ಮೇಲೆ ನಾನಾ?"

"ಹ್ಞೂಂ ಅಜ್ಜಿ. ನಿನ್ ನಂಬರ್ ಮೂರನೇದು." ಅವನು ನಕ್ಕ. "ಏನ್ ಯೋಚ್ನೆ ಮಾಡ್ತೀಯ, ಇಡ್ಲಿ ಚಿಕ್ಕದು ಮಾಡು. ಎಲ್ರೂ ಮಾಡ್ತಾವ್ರೆ."

ತಟ್ಟೆಯ ಗುಳಿ ಎಷ್ಟಿದೆಯೋ ಇಡ್ಲಿ ಅಷ್ಟೇ. ಅರ್ಧ ತುಂಬಿಸಿದರೆ ಬೇಯುವಾಗ ಚಪ್ಪಟೆಯಾಗಿ ರೊಟ್ಟಿಯ ಹಾಗೆ ಏಳುತ್ತದೆ. ತಿನ್ನುವವನ ಹೊಟ್ಟೆಗೆ ಮೋಸ ಮಾಡುವುದಾದರೆ ಅವನಿಗೆ ಹೇಳಿ ಮಾಡಬೇಕು, ಬೆಲೆ ಏರಿಸಬೇಕು. ಹತ್ತು ಕೆಜಿ ಅಕ್ಕಿ, ಐದು ಕೆಜಿ ನುಚ್ಚು ತೆಗೆದುಕೊಂಡೆ. ನುಚ್ಚಿಗೆ ಒಂದು ಗುಣವಿದೆ, ಬೇಗ ನೆನೆಯುತ್ತದೆ. ತಡವಾಗಿ ಮನೆ ಮುಟ್ಟಿದರೂ ರುಬ್ಬಬಹುದು. ಒಂದು ಹಿಡಿ ಹೆಚ್ಚಿಗೆ ಕೇಳಿದೆ. ಹಾಕಿದ.

ಹದಿನೈದು ಕೆಜಿಯನ್ನು ಎರಡು ಚೀಲಕ್ಕೆ ಹಾಕಿ, ಒಂದು ತಲೆಯ ಮೇಲೆ ಒಂದು ಕೈಯಲ್ಲಿ ಹಿಡಿದು ಬಸ್ ಸ್ಟಾಪಿಗೆ ಬರುವಷ್ಟರಲ್ಲಿ ಮೋಡ ಕಟ್ಟಿತು. ನಾಲ್ಕು ಹನಿ ಬಿತ್ತು. ಅಕ್ಕಿ ನೆನೆಯಬಾರದೆಂದು ಸೆರಗು ಹೊದಿಸಿದೆ. ಮಳೆ ಅಷ್ಟಕ್ಕೇ ನಿಂತು ಸೆಕೆ ಇನ್ನೂ ಹೆಚ್ಚಾಯಿತು.

ಶಿವಾಜಿನಗರದ ಬಸ್ಸಿನಲ್ಲಿ ಕಂಡಕ್ಟರ್ ಚೀಲ ನೋಡಿದ. "ಲಗೇಜಿಗೆ ಟಿಕೆಟ್ ತಗೋಬೇಕಜ್ಜಿ."

"ನನಗೆ ಫ್ರೀ ಅಲ್ವಾ?"

"ನಿಮಗೆ ಫ್ರೀ. ಅಕ್ಕಿ ಹೆಂಗಸಾ?"

"ಬೇಯಿಸೋಳು ಹೆಂಗಸೇ ಅಲ್ವೇನಯ್ಯ?"

"ಹಂಗಾದ್ರೆ ಅಕ್ಕಿದೂ ಆಧಾರ್ ಕಾರ್ಡ್ ತೋರ್ಸಿ" ಎಂದ. ಹಿಂದಿನ ಸೀಟಿನವರು ನಕ್ಕರು. ಅವನು ಟಿಕೆಟ್ ಹರಿಯಲಿಲ್ಲ. ಚೀಲವನ್ನು ತಾನೇ ಎತ್ತಿ ಡ್ರೈವರ್ ಹಿಂದೆ ಇಟ್ಟು, ಚೆಕಿಂಗ್‌ನವರು ಬಂದರೆ ನನಗೆ ಗೊತ್ತಿಲ್ಲ ಎಂದ.

ಕೆ.ಆರ್.ಪುರದ ತೂಗುಸೇತುವೆಯ ಮೇಲೆ ಬಸ್ಸು ನಿಧಾನವಾಯಿತು. ತಿರುಗಿ ನೋಡಿದೆ. ಸಂತೆಯ ಟಾರ್ಪಾಲು ಅಲ್ಲಿಂದ ಕಾಣುವುದಿಲ್ಲ. ಕೆಳಗೆ ರೈಲು ಹಳಿ, ಹಳಿಯ ಮೇಲೆ ಉದ್ದಕ್ಕೆ ಗೂಡ್ಸ್ ರೈಲು ನಿಂತಿತ್ತು. ಒಳಗಿರುವುದು ಅಕ್ಕಿಯೋ ಸಿಮೆಂಟೋ ಮೇಲಿನಿಂದ ಗೊತ್ತಾಗುವುದಿಲ್ಲ. ಗೋಡೌನು ತುಂಬಿದೆ ಎಂದು ಲಲಿತಮ್ಮನವರ ಟಿವಿಯಲ್ಲೂ ಹೇಳುತ್ತಾರೆ, ಸೆಲ್ವಿಯ ಟಿವಿಯಲ್ಲೂ ಹೇಳುತ್ತಾರೆ. ತುಂಬಿರಬಹುದು. ನಾನು ನೋಡಿದ್ದು ಡ್ರಮ್ಮಿನ ತಳ, ಸಂತೆಯಲ್ಲಿ ಅರ್ಧ ಕೆಜಿಯ ಜನ. ಇಷ್ಟೇ ನನ್ನ ಪ್ರವಾಸದಲ್ಲಿ ಕಂಡದ್ದು.

ಮನೆ ಮುಟ್ಟಿದಾಗ ಐದು ಗಂಟೆ. ಓಡಿ ಹೋಗಿ ಉದ್ದಿನ ಪಾತ್ರೆಗೆ ಮೂಗು ಒಡ್ಡಿದೆ. ನೀರಿನ ಮೇಲೆ ನೊರೆ ಎದ್ದಿತ್ತು, ವಾಸನೆ ಬಂದಿರಲಿಲ್ಲ. ನೀರು ಬದಲಾಯಿಸಿ, ಅಕ್ಕಿ ನುಚ್ಚು ಎರಡನ್ನೂ ನೆನೆಹಾಕಿದೆ. ಏನೂ ತೇಲಲಿಲ್ಲ. ಗೋಡೆಯ ಆಚೆ ಹಸೀನಾಳ ಮಕ್ಕಳು, ಇಬ್ಬರು ಹುಡುಗಿಯರು, ಮಗ್ಗಿ ಒದರುತ್ತಿದ್ದರು. ನಾನು ಬಂದದ್ದು ಗೊತ್ತಾಗಿ ದೊಡ್ಡವಳು ಬಾಗಿಲಿಗೆ ಬಂದು ಇಣುಕಿದಳು. ಅವಳಮ್ಮ ಒಳಗಿಂದ ಕೂಗಿದಳು. ಹೊರಟುಹೋದಳು. ನಾನೂ ಕರೆಯಲಿಲ್ಲ, ಮಾತು ಕೊಟ್ಟಿದ್ದೆ. ಎಂಟು ಗಂಟೆಗೆ ರುಬ್ಬಿ ಮುಚ್ಚಿಟ್ಟೆ.

ಮರುದಿನ ಬೆಳಿಗ್ಗೆ ಹಿಟ್ಟು ಚೆನ್ನಾಗಿ ಉಬ್ಬಿತ್ತು. ಇಡ್ಲಿ ಏಳು ರೂಪಾಯಿ ಎಂದು ಮೊದಲ ಗಿರಾಕಿಗೇ ಹೇಳಿದೆ. ದಿನಾ ಆರು ತಿನ್ನುವ ಹಮಾಲಿ ಗೋವಿಂದ, "ಏನಜ್ಜಿ, ಒಳಗೆ ಚಿನ್ನ ಇಟ್ಟಿದೀಯಾ?" ಎಂದ. ನುಚ್ಚು ಇಟ್ಟಿದ್ದೇನೆ ಎಂದೆ. ನಾಲ್ಕು ತಿಂದು, ಎರಡು ಸಲ ಚಟ್ನಿ ಹಾಕಿಸಿಕೊಂಡು, ಒಂದು ಚೊಂಬು ನೀರು ಕುಡಿದು ಮೂಟೆ ಹೊರಲು ಹೋದ. ಬೀದಿ ಗುಡಿಸುವ ಹೆಂಗಸರು ಇಬ್ಬರಿಗೆ ಒಂದು ತಟ್ಟೆ ತೆಗೆದುಕೊಂಡರು. ಆಟೋದವನೊಬ್ಬ ಬೆಲೆ ಕೇಳಿ, ಆಮೇಲೆ ಬರ್ತೀನಿ ಎಂದ. ಬರಲಿಲ್ಲ. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಒಂಬತ್ತು ಗಂಟೆಗೆ ಪಾತ್ರೆಯ ಮುಚ್ಚಳ ತೆಗೆದರೆ ಎರಡು ತಟ್ಟೆ ತುಂಬ ಇಡ್ಲಿ ಹಾಗೇ ಇತ್ತು. ಅಷ್ಟು ವರ್ಷದಲ್ಲಿ ಅದೇ ಮೊದಲು. ಹಸಿದವರು ಎದುರಿಗೇ ಓಡಾಡುತ್ತಿದ್ದರು, ಇಡ್ಲಿ ಒಲೆಯ ಮೇಲೆ ಕೂತಿತ್ತು.

ಬೇಸಿನ್ನಿಗೆ ಹಾಕಿಕೊಂಡು ಹೋಗಿ ಹಸೀನಾಳ ಬಾಗಿಲು ತಟ್ಟಿದೆ. ಹುಡುಗಿಯರು ಯೂನಿಫಾರಂ ಹಾಕಿಕೊಂಡು ಚಾಯ್ ಮುಂದೆ ಕೂತಿದ್ದರು.

"ಅಕ್ಕಿ ಇಲ್ಲ ಅಂತ ಹೇಳಿದ್ನಲ್ಲ ಅಜ್ಜಿ" ಎಂದಳು ಹಸೀನಾ.

"ಅಕ್ಕಿ ಯಾರ್ ಕೇಳಿದ್ರು? ಉಳಿದಿದೆ, ಮಧ್ಯಾಹ್ನಕ್ಕೆ ಹಳಸುತ್ತೆ. ತಟ್ಟೆ ತಾ."

ಅವಳು ಅಲ್ಲಾಡಲಿಲ್ಲ. ದೊಡ್ಡವಳು ಎದ್ದು ತಟ್ಟೆ ತಂದಳು. ಮೂರು ಮೂರು ಹಾಕಿದೆ. ಮಿಕ್ಕದ್ದನ್ನು ಹಿಡಿದುಕೊಂಡು ಮುಂದಿನ ಬಾಗಿಲು ತಟ್ಟಿದೆ, ಅದರ ಮುಂದಿನದ್ದೂ ತಟ್ಟಿದೆ. ಬೇಸಿನ್ನು ಖಾಲಿಯಾಯಿತು. ಮನೆಗೆ ಬಂದು ಕೈ ತೊಳೆದು ಉದ್ದು ನೆನೆಹಾಕಿದೆ, ಹಿಂದಿನ ದಿನಕ್ಕಿಂತ ಒಂದು ಪಾವು ಕಡಿಮೆ.